ಹಸುವಿಗೆ ಚುಚ್ಚಿದ ನೋವಿನ ಮದ್ದು ಎಲ್ಲಿಗೆ ಹೋಗುತ್ತದೆ?



ನಮ್ಮ ಪತ್ರಿಕೆಯಲ್ಲಿ ಗ್ಯಾಸಿನ ರೇಟು, ಲೈಸೆನ್ಸ್ ನವೀಕರಣ, ಜಿಎಸ್‌ಟಿ, ಕೆಲಸಗಾರರ ಕೊರತೆ ಇಂತಹ ವಿಷಯಗಳ ಮೇಲೆ ಲೇಖನಗಳು ಬರುತ್ತಲೇ ಇರುತ್ತವೆ. ಅವು ಬೇಕಾದವುಗಳೇ. ಆದರೆ ನಮ್ಮ ಧಂದೆ ನಿಂತಿರುವುದು ಹಾಲಿನ ಮೇಲೆ. ಬೆಳಿಗ್ಗೆ ನಾಲ್ಕೂವರೆಗೆ ಶಟರ್ ಎತ್ತಿದ ಕೂಡಲೇ ಮೊದಲು ಒಲೆಗೆ ಏರುವುದು ಹಾಲಿನ ಪಾತ್ರೆ. ಕಾಫಿ, ಚಹಾ, ಮೊಸರು, ಮಜ್ಜಿಗೆ, ಪನೀರು, ಖೀರು ಎಲ್ಲವೂ ಅದರಿಂದಲೇ. ಈ ಹಾಲಿಗೆ ನೀರು ಬೆರೆತಿದೆಯೇ, ಕೊಬ್ಬು ಎಷ್ಟಿದೆ ಎಂದು ನಾವು ನೋಡುತ್ತೇವೆ. ಹಾಲು ಕೊಟ್ಟ ಪ್ರಾಣಿಗೆ ನಿನ್ನೆ ಯಾವ ಇಂಜೆಕ್ಷನ್ ಬಿದ್ದಿದೆ ಎಂದು ಎಷ್ಟು ಮಂದಿ ಕೇಳುತ್ತೇವೆ?

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದವನು, ಡಾಕ್ಟರನಲ್ಲ. ಊರಲ್ಲಿ ಪಶುವೈದ್ಯನಾಗಿರುವ ನನ್ನ ಸೋದರಳಿಯ ಪ್ರತಿ ಮಳೆಗಾಲ ಕಳೆದ ಮೇಲೆ ಇಲ್ಲಿಗೆ ಬಂದು ನಾಲ್ಕು ದಿನ ಇರುತ್ತಾನೆ. ಅವನೊಡನೆ ಮಾತಾಡಿ, ಅವನು ತಂದುಕೊಟ್ಟ ಕಾಗದಗಳನ್ನು ಓದಿಸಿಕೊಂಡು ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಕೊನೆಗೆ ಒಂದು ಸೂಚನೆಯನ್ನೂ ಇಡುತ್ತೇನೆ. ಅದು ಕೆಲವರಿಗೆ ಹಿಡಿಸದೆಯೂ ಇರಬಹುದು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಜಾನುವಾರುಗಳಿಗೆ ನೋವಿನ ಮದ್ದು ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಕೆಚ್ಚಲು ಬಾವು ಬಂದ ಎಮ್ಮೆಯನ್ನು ನೋಡಿದವರಿಗೆ ಗೊತ್ತು, ಮೊಲೆ ಮುಟ್ಟಲು ಬಿಡುವುದಿಲ್ಲ, ಕಾಲು ಝಾಡಿಸುತ್ತದೆ, ಮೇವು ಬಿಡುತ್ತದೆ. ಕಾಲುಬಾಯಿ ರೋಗ, ಕಷ್ಟದ ಹೆರಿಗೆ, ಗೊರಸಿನ ಹುಣ್ಣು, ಇವೆಲ್ಲದರಲ್ಲೂ ನೋವಿದೆ. ಮಾತು ಬಾರದ ಪ್ರಾಣಿಗೆ ಮದ್ದು ಕೊಡುವುದು ಧರ್ಮ. ಕೊಟ್ಟ ಮೇಲೆ ಅದು ಮೈಯಲ್ಲಿ ಏನಾಗುತ್ತದೆ, ಎಷ್ಟು ದಿನ ಇರುತ್ತದೆ ಎಂಬುದೇ ಪ್ರಶ್ನೆ.

ಇಂಜೆಕ್ಷನ್ ಕೊಟ್ಟಾಗ ಮದ್ದು ಚರ್ಮದ ಕೆಳಗಿನಿಂದಲೋ ಮಾಂಸಖಂಡದಿಂದಲೋ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಮಾತ್ರೆ ತಿನ್ನಿಸಿದರೆ ದಾರಿ ಬೇರೆ. ದನದ ಮೊದಲ ಹೊಟ್ಟೆ ನಮ್ಮ ಇಡ್ಲಿ ಹಿಟ್ಟಿನ ಹಂಡೆಯ ಹಾಗೆ, ಸದಾ ಹುಳಿ ಬರುತ್ತಿರುವ ದೊಡ್ಡ ಪಾತ್ರೆ. ಮದ್ದು ಅಲ್ಲಿ ಕೂತು ಸ್ವಲ್ಪ ಸ್ವಲ್ಪವಾಗಿ ಮುಂದೆ ಹೋಗುತ್ತದೆ. ಮೆಲಾಕ್ಸಿಕಾಮ್ ಎಂಬ ಮದ್ದನ್ನು ಕರುಗಳಿಗೆ ಬಾಯಿಯಿಂದ ಕೊಟ್ಟು ನೋಡಿದಾಗ ರಕ್ತದಲ್ಲಿ ಅದು ಗರಿಷ್ಠ ಮಟ್ಟಕ್ಕೆ ಬರಲು ಹನ್ನೊಂದು ಹನ್ನೆರಡು ಗಂಟೆ ಹಿಡಿಯಿತಂತೆ.

ರಕ್ತಕ್ಕೆ ಬಂದ ನೋವಿನ ಮದ್ದು ಒಂಟಿಯಾಗಿ ತಿರುಗುವುದಿಲ್ಲ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ. ಬಾವು ಬಂದ ಜಾಗಕ್ಕೆ ಆ ಪ್ರೋಟೀನು ಸೋರಿ ಹೋಗುವುದರಿಂದ ಮದ್ದೂ ಅದರೊಟ್ಟಿಗೆ ಹೋಗಿ ಅಲ್ಲಿ ನಿಲ್ಲುತ್ತದೆ. ರಕ್ತದಲ್ಲಿ ಕಡಿಮೆಯಾದ ಮೇಲೂ ನೋವು ಕಡಿಮೆ ಇರುವುದು ಇದರಿಂದಲೇ. ಆಮೇಲೆ ಯಕೃತ್ತು ಅದನ್ನು ಒಡೆಯುತ್ತದೆ. ಒಡೆದದ್ದು ಮೂತ್ರದಲ್ಲಿ, ಪಿತ್ತದ ಮೂಲಕ ಸಗಣಿಯಲ್ಲಿ, ಸ್ವಲ್ಪ ಹಾಲಿನಲ್ಲಿ ಹೊರಗೆ ಬರುತ್ತದೆ. ಹೀಗೆ ಹೋಗುವಾಗ ಯಕೃತ್ತು, ಮೂತ್ರಪಿಂಡ ಮತ್ತು ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಉಳಿದ ಮಾಂಸಕ್ಕಿಂತ ಹೆಚ್ಚು ಮದ್ದು ಇರುತ್ತದೆ. ಕಲೇಜಿ, ಗುರ್ದಾ ಮಾಡುವ ನಮ್ಮ ಮಾಂಸಾಹಾರಿ ಹೋಟೆಲಿನವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಹಾಲಿಗೆ ಎಷ್ಟು ಬರುತ್ತದೆ ಎಂಬುದರಲ್ಲಿ ಒಂದು ಸ್ವಾರಸ್ಯವಿದೆ. ಈ ಮದ್ದುಗಳು ಸ್ವಲ್ಪ ಆಮ್ಲದ ಗುಣದವು. ಆರೋಗ್ಯವಾಗಿರುವ ಹಸುವಿನ ಹಾಲು ರಕ್ತಕ್ಕಿಂತ ತುಸು ಹುಳಿಯ ಕಡೆಗೆ ಇರುತ್ತದೆ. ಆದ್ದರಿಂದ ಆಮ್ಲದ ಮದ್ದು ಹಾಲಿಗಿಂತ ರಕ್ತದಲ್ಲೇ ನಿಲ್ಲಲು ಇಷ್ಟಪಡುತ್ತದೆ, ಹಾಲಿಗೆ ಸೇರುವುದು ಕಡಿಮೆ. ಇದು ಒಳ್ಳೆಯ ಸುದ್ದಿ. ಆದರೆ ಕೆಚ್ಚಲು ಬಾವು ಬಂದಾಗ ಹಾಲಿನ ಹುಳಿ ಇಳಿದು ಅದು ರಕ್ತದ ಹತ್ತಿರಕ್ಕೆ ಬರುತ್ತದೆ, ಒಳಗಿನ ಪರದೆಯೂ ಸಡಿಲವಾಗುತ್ತದೆ. ಮದ್ದು ಕೊಡುವುದೇ ಆ ಬಾವು ಬಂದಾಗ. ಅಂದರೆ ಬಾಗಿಲು ಸಡಿಲವಾದ ಹೊತ್ತಿಗೇ ಮದ್ದು ಬಾಗಿಲ ಬಳಿ ಬಂದು ನಿಲ್ಲುತ್ತದೆ.

ಒಬ್ಬನ ಮೈಯಲ್ಲಿ ಬೇಗ ಕರಗುವ ಮದ್ದು ಇನ್ನೊಬ್ಬನ ಮೈಯಲ್ಲಿ ದಿನಗಟ್ಟಲೆ ಕೂರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆಸ್ಪಿರಿನ್ ಹಸುವಿನ ರಕ್ತಕ್ಕೆ ಹೋದರೆ ಸುಮಾರು ಅರ್ಧ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದೇ ಬೆಕ್ಕಿಗೆ ಒಂದು ದಿನಕ್ಕಿಂತಲೂ ಹೆಚ್ಚು ಬೇಕಾಗುತ್ತದೆ. ಕುದುರೆಗೆ ಕೊಡುವ ಫಿನೈಲ್‌ಬ್ಯೂಟಜೋನ್ ಕುದುರೆಯಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧವಾದರೆ ದನದಲ್ಲಿ ಎರಡು ದಿನದಷ್ಟು ತೆಗೆದುಕೊಳ್ಳುತ್ತದೆ. ಅಮೆರಿಕದವರು 2003ರಲ್ಲಿ ಇಪ್ಪತ್ತು ತಿಂಗಳು ದಾಟಿದ ಹೈನು ದನಗಳಿಗೆ ಅದನ್ನು ಪೂರ್ತಿ ನಿಷೇಧಿಸಿದರು. ಯುರೋಪಿನಲ್ಲಿ 2013ರಲ್ಲಿ ದನದ ಮಾಂಸವೆಂದು ಕುದುರೆ ಮಾಂಸ ಮಾರಿದ ಹಗರಣವಾದಾಗ ಜನ ಗಾಬರಿಯಾದದ್ದು ಮೋಸಕ್ಕೆ ಮಾತ್ರವಲ್ಲ, ಕೆಲವು ಕುದುರೆ ಮಾಂಸದಲ್ಲಿ ಈ ಮದ್ದು ಸಿಕ್ಕಿದ್ದಕ್ಕೂ ಹೌದು.

ಇನ್ನು ಡೈಕ್ಲೋಫೆನಾಕ್. ಈ ಹೆಸರು ನಮಗೆಲ್ಲ ಗೊತ್ತು. ದೋಸೆ ಕಲ್ಲಿನ ಮುಂದೆ ಹತ್ತು ಗಂಟೆ ನಿಲ್ಲುವ ನಮ್ಮ ಭಟ್ಟರು ಮಂಡಿ ನೋವಿಗೆ ಮೆಡಿಕಲಿನಿಂದ ತರಿಸಿ ನುಂಗುವುದು ಹೆಚ್ಚಾಗಿ ಇದನ್ನೇ. ಮನುಷ್ಯನ ರಕ್ತದಲ್ಲಿ ಇದು ಒಂದೆರಡು ಗಂಟೆಯಲ್ಲಿ ಅರ್ಧವಾಗುತ್ತದೆ. ನಮ್ಮ ದೇಶದ ಹಸುವಿನಲ್ಲಿ ನೋಡಿದಾಗ ಸುಮಾರು ಹನ್ನೆರಡು ಗಂಟೆ ಬೇಕಾಯಿತು. 1990ರ ದಶಕದಲ್ಲಿ ಇದು ಅಗ್ಗವಾಗಿ ದನದ ಮದ್ದಾಗಿಯೂ ಸಿಗತೊಡಗಿತು. ರೈತನಿಗೆ ಉಪಕಾರವೇ ಆಯಿತು, ಏಳಲಾರದ ಎತ್ತು ಎದ್ದು ನಿಂತಿತು.

ಆದರೆ ಅದೇ ಕಾಲದಲ್ಲಿ ರಣಹದ್ದುಗಳು ಸಾಯತೊಡಗಿದವು. ನಮ್ಮ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು ರಾಜಸ್ಥಾನದ ಭರತಪುರದಲ್ಲಿ ಇದನ್ನು ಗಮನಿಸಿದರು. ಕಾರಣ ಯಾರಿಗೂ ತಿಳಿಯಲಿಲ್ಲ, ಯಾವುದೋ ಸೋಂಕಿರಬೇಕೆಂದು ಊಹಿಸಿದರು. 2004ರಲ್ಲಿ ಲಿಂಡ್ಸೆ ಓಕ್ಸ್ ಎಂಬವರ ತಂಡ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿ ಉತ್ತರ ಹೇಳಿತು. ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಾಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಸುಣ್ಣ ಬಳಿದ ಹಾಗೆ ಕೂತಿತ್ತು. ಅಂತಹ ಹದ್ದುಗಳ ಮೂತ್ರಪಿಂಡದಲ್ಲಿ ಡೈಕ್ಲೋಫೆನಾಕ್ ಇತ್ತು. ಈ ಮದ್ದು ಕೊಟ್ಟ ಎಮ್ಮೆ, ಆಡಿನ ಮಾಂಸ ತಿನ್ನಿಸಿ ನೋಡಿದರೆ ಹದ್ದು ಹಾಗೆಯೇ ಸಾಯುತ್ತಿತ್ತು.

ಇಲ್ಲಿ ನಾವು ವ್ಯಾಪಾರಿಗಳು ಗಮನಿಸಬೇಕಾದ ಲೆಕ್ಕವೊಂದಿದೆ. ಎಲ್ಲ ದನಗಳಿಗೂ ಇಂಜೆಕ್ಷನ್ ಬಿದ್ದಿರಲಿಲ್ಲ. ಹದ್ದುಗಳ ಸಂತತಿ ಕುಸಿಯಲು ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಹೆಣದಲ್ಲಿ ಮದ್ದಿದ್ದರೆ ಸಾಕಾಗಿತ್ತು ಎಂದು ಲೆಕ್ಕ ಹಾಕಿದ್ದಾರೆ. ಇಂಜೆಕ್ಷನ್ ಕೊಟ್ಟು ಎರಡು ಮೂರು ದಿನದೊಳಗೆ ಸತ್ತ ದನಗಳೇ ಅಪಾಯ ತಂದದ್ದು. 1992ರಿಂದ 2007ರ ಒಳಗೆ ಬಿಳಿ ಬೆನ್ನಿನ ರಣಹದ್ದು ಸಾವಿರದಲ್ಲಿ ಒಂದು ಉಳಿಯಿತು. ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯಲ್ಲಿ ನಮ್ಮ ಪಾರ್ಸಿ ಗಿರಾಕಿಗಳು ತಮ್ಮ ಹಿರಿಯರ ದೇಹಕ್ಕೆ ಹದ್ದು ಬಾರದೆ ಬಿಸಿಲಿನ ಕನ್ನಡಿ ಹಾಕಿಸಬೇಕಾಯಿತು. ಹೆಣ ತಿನ್ನುವವರಿಲ್ಲದೆ ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. ಇದರಿಂದ 2000ರಿಂದ 2005ರ ನಡುವೆ ನಮ್ಮ ದೇಶದಲ್ಲಿ ಸುಮಾರು ಐದು ಲಕ್ಷ ಮಂದಿ ಹೆಚ್ಚುವರಿಯಾಗಿ ಸತ್ತರೆಂದು ಇಬ್ಬರು ಅರ್ಥಶಾಸ್ತ್ರಜ್ಞರು, ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, 2024ರಲ್ಲಿ ಅಂದಾಜು ಮಾಡಿದ್ದಾರೆ. ಜಟಾಯುವಿನ ಕತೆ ಕೇಳಿ ಬೆಳೆದ ನಾವು ಹದ್ದನ್ನು ನೋಡಬೇಕಾದರೆ ಈಗ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಉಳಿದ ಕೆಲವಕ್ಕಾಗಿ ಸರಕಾರ 2012ರಲ್ಲಿ ರಣಹದ್ದು ಧಾಮ ಮಾಡಿದೆ. 'ಶೋಲೆ' ತೆಗೆದ ಜಾಗ ಎಂದು ಎಲ್ಲರಿಗೂ ಗೊತ್ತು, ಹದ್ದಿನ ಜಾಗ ಎಂದು ಕೆಲವರಿಗೇ ಗೊತ್ತು.

ಸರಕಾರ 2006ರಲ್ಲಿ ದನಕ್ಕೆ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಜನ ಬಿಡಬೇಕಲ್ಲ! ಮನುಷ್ಯರಿಗೆಂದು ಬರುತ್ತಿದ್ದ 30 ಎಂಎಲ್ ಬಾಟಲಿಯನ್ನೇ ದನಕ್ಕೆ ಚುಚ್ಚಿದರು. ಮನುಷ್ಯನಿಗೆ ಒಮ್ಮೆಗೆ ಬೇಕಾದದ್ದು 3 ಎಂಎಲ್. ಆದ್ದರಿಂದ 2015ರಲ್ಲಿ ದೊಡ್ಡ ಬಾಟಲಿಯನ್ನೇ ನಿಷೇಧಿಸಿದರು. ಅಸೆಕ್ಲೋಫೆನಾಕ್ ಎಂಬ ಇನ್ನೊಂದು ಮದ್ದು ಹಸುವಿನ ಮೈಯೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಹೆಸರು ಬೇರೆ, ಮಾಲು ಅದೇ. ಅದನ್ನೂ ಕೀಟೋಪ್ರೊಫೆನ್ನನ್ನೂ 2023ರಲ್ಲಿ ಪಶುಗಳಿಗೆ ನಿಷೇಧಿಸಿದರು, ನಿಮೆಸುಲೈಡನ್ನು 2024ರ ಡಿಸೆಂಬರಿನಲ್ಲಿ. ಹದ್ದುಗಳಿಗೆ ತೊಂದರೆಯಿಲ್ಲವೆಂದು 2006ರಲ್ಲೇ ತಿಳಿದದ್ದು ಮೆಲಾಕ್ಸಿಕಾಮ್. ಈಗ ಒಳ್ಳೆಯ ಪಶುವೈದ್ಯರು ಬರೆಯುವುದು ಹೆಚ್ಚಾಗಿ ಅದನ್ನೇ.

ಹದ್ದಿನ ಕತೆ ನಮಗೇಕೆ, ನಾವೇನು ಹದ್ದೇ, ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಹದ್ದಿಗೆ ವಿಷವಾದದ್ದು ನಮ್ಮ ಭಟ್ಟರಿಗೆ ಮಂಡಿ ನೋವಿನ ಮಾತ್ರೆ. ಹಾಗಾಗಿ ಒಂದು ಲೋಟ ಚಹಾದಿಂದ ಗಿರಾಕಿ ಬಿದ್ದು ಸಾಯುತ್ತಾನೆಂದು ನಾನು ಹೆದರಿಸುವುದಿಲ್ಲ. ಲೆಕ್ಕವನ್ನೇ ಹೇಳುತ್ತೇನೆ. ಯುರೋಪಿನಲ್ಲಿ ಮೆಲಾಕ್ಸಿಕಾಮ್ ಹಾಲಿನಲ್ಲಿ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದು. ಅಂದರೆ 15 ಮಿಲಿಗ್ರಾಮಿನ ಒಂದು ಮಾತ್ರೆಯನ್ನು ಸಾವಿರ ಲೀಟರ್ ಹಾಲಿಗೆ ಕರಗಿಸಿದಷ್ಟು. ಒಬ್ಬ ಗಿರಾಕಿ ಕುಡಿಯುವ 100 ಎಂಎಲ್ ಹಾಲಿನಲ್ಲಿ ಆ ಮಾತ್ರೆಯ ಹತ್ತು ಸಾವಿರದಲ್ಲಿ ಒಂದು ಪಾಲು ಬರುತ್ತದೆ. ಅದರಿಂದ ಏನೂ ಆಗುವುದಿಲ್ಲ, ಮಿತಿ ಹಾಕಿದ್ದೇ ಹಾಗೆ ನೋಡಿಕೊಂಡು. ಡೈಕ್ಲೋಫೆನಾಕಿಗೆ ಅವರ ಮಿತಿ ಇನ್ನೂ ಬಿಗಿ, ಕಿಲೋಗೆ 0.1 ಮೈಕ್ರೋಗ್ರಾಂ. 50 ಮಿಲಿಗ್ರಾಮಿನ ಒಂದು ಮಾತ್ರೆಗೆ ಐದು ಲಕ್ಷ ಲೀಟರ್ ಹಾಲು ಬೇಕು!

ಆದರೆ ಈ ಮಿತಿಯೊಳಗೆ ಹಾಲು ಬರಬೇಕಾದರೆ ಕಾಯಬೇಕು. ಹಾಲು ಕೊಡುವ ಹಸುವಿಗೆ ಮೆಲಾಕ್ಸಿಕಾಮ್ ಇಂಜೆಕ್ಷನ್ ಕೊಟ್ಟರೆ ಅದು ಅರ್ಧವಾಗಲು ಹದಿನೇಳೂವರೆ ಗಂಟೆ ಬೇಕು. ಇನ್ನೊಂದು ಹದಿನೇಳೂವರೆ ಗಂಟೆಗೆ ಕಾಲು ಭಾಗ, ಹೀಗೆ ಇಳಿಯುತ್ತಾ ಐದು ದಿನಕ್ಕೆ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅಲ್ಲಿ ಹಾಲಿಗೆ ಐದು ದಿನ, ಮಾಂಸಕ್ಕೆ ಹದಿನೈದು ದಿನ ಕಾಯಬೇಕೆಂದು ಬಾಟಲಿಯ ಮೇಲೆ ಬರೆದಿರುವುದು ಈ ಲೆಕ್ಕದ ಮೇಲೆಯೇ. ನಮ್ಮ ದೇಶದಲ್ಲೂ ಕಾನೂನಿಲ್ಲವೆಂದಲ್ಲ. 2012ರ ಜನವರಿಯಲ್ಲಿ ಔಷಧ ನಿಯಮಕ್ಕೆ ತಿದ್ದುಪಡಿ ತಂದು, ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಮದ್ದಿನ ಬಾಟಲಿಯ ಮೇಲೆ ಎಷ್ಟು ದಿನ ಕಾಯಬೇಕೆಂದು ಬರೆಯಲೇಬೇಕು ಎಂದರು. ಆ ಮದ್ದಿಗೆ ಬೇರೆ ಅವಧಿ ನಿಗದಿಯಾಗಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕಡಿಮೆಯೆಂದರೆ ಏಳು ದಿನ, ಕೋಳಿ, ಆಡು, ದನದ ಮಾಂಸಕ್ಕೆ ಇಪ್ಪತ್ತೆಂಟು ದಿನ. ಹತ್ತು ವರ್ಷಕ್ಕಿಂತ ಹಳೆಯ ಕಾನೂನು. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಕೇಳಿದ್ದಾರೋ, ತಬೇಲಾದವರಲ್ಲಿ ಎಷ್ಟು ಮಂದಿ ಕೇಳಿದ್ದಾರೋ.

ಹಾಲು ಕಾಯಿಸುತ್ತೇವಲ್ಲ, ಎಲ್ಲ ಹೋಗುತ್ತದೆ ಎಂಬುದು ನಮ್ಮಲ್ಲಿರುವ ದೊಡ್ಡ ನಂಬಿಕೆ. ಕಾಯಿಸಿದರೆ ಸಾಯುವುದು ಕ್ರಿಮಿ. ಮದ್ದು ಕ್ರಿಮಿಯಲ್ಲ. ಮೆಲಾಕ್ಸಿಕಾಮ್ ಕರಗುವುದೇ 250 ಡಿಗ್ರಿಯ ಮೇಲೆ. ನಮ್ಮ ಹಾಲು ಉಕ್ಕುವುದು ನೂರರಲ್ಲಿ. ಖೋವಾ, ಬಾಸುಂದಿ ಮಾಡುವಾಗ ನೀರು ಆವಿಯಾಗುತ್ತದೆ, ಮದ್ದು ಇದ್ದರೆ ಅದು ಅಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು ಅಡುಗೆಮನೆಯ ಅನುಭವದಿಂದ. ಪ್ರತಿಜೀವಕ ಇಂಜೆಕ್ಷನ್ ಬಿದ್ದ ಹಾಲು ಬಂದರೆ ಮೊಸರು ಹೆಪ್ಪುಗಟ್ಟುವುದಿಲ್ಲ, ನೀರು ನೀರಾಗಿ ನಿಲ್ಲುತ್ತದೆ. ಹೆಪ್ಪು ಹಾಕುವ ನಮ್ಮ ಹಳೆಯ ಹುಡುಗರಿಗೆ ಇದು ಗೊತ್ತು. ಮೊಸರಿನ ಜೀವಾಣುಗಳನ್ನು ಆ ಮದ್ದು ಕೊಲ್ಲುತ್ತದೆ. ನೋವಿನ ಮದ್ದು ಹಾಗಲ್ಲ. ಅದು ಜೀವಾಣುಗಳ ತಂಟೆಗೆ ಹೋಗುವುದಿಲ್ಲ. ಮೊಸರು ಗಟ್ಟಿಯಾಗಿಯೇ ಬರುತ್ತದೆ, ಪನೀರು ಒಡೆಯುತ್ತದೆ, ರುಚಿ ವಾಸನೆ ಏನೂ ಬದಲಾಗುವುದಿಲ್ಲ. ಲ್ಯಾಕ್ಟೋಮೀಟರಿಗೂ ಸಿಕ್ಕುವುದಿಲ್ಲ. ನಮ್ಮ ಕೈಯಲ್ಲಿ ಅದನ್ನು ಹಿಡಿಯುವ ಯಾವ ಉಪಾಯವೂ ಇಲ್ಲ. ಆದರೆ ಕೆಚ್ಚಲು ಬಾವಿಗೆ ಈ ಎರಡು ಮದ್ದನ್ನೂ ಹೆಚ್ಚಾಗಿ ಒಟ್ಟಿಗೇ ಕೊಡುತ್ತಾರೆ. ಒಂದಕ್ಕೆ ಕಾಯದವನು ಇನ್ನೊಂದಕ್ಕೂ ಕಾಯುವುದಿಲ್ಲ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆದಾಗ 77ರಲ್ಲಿ ಪ್ರತಿಜೀವಕ ಮಿತಿ ಮೀರಿತ್ತು. ನೂರಕ್ಕೆ ಒಂದು ಚಿಲ್ಲರೆ. ಹದ್ದಿನ ಲೆಕ್ಕವನ್ನು ನೆನಪಿಸಿಕೊಂಡರೆ ಅದನ್ನು ಸಣ್ಣದೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ದೊಡ್ಡ ಡೇರಿಯ ಪ್ಯಾಕೆಟ್ ಹಾಲಿನಲ್ಲಿ ಸಾವಿರಾರು ದನಗಳ ಹಾಲು ಬೆರೆಯುತ್ತದೆ, ಒಂದು ದನದ ಮದ್ದು ತೆಳುವಾಗುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ದಪ್ಪ ಹಾಲು ಬೇಕೆಂದು ತರಿಸುವುದು ತಬೇಲಾದಿಂದ. ಇಪ್ಪತ್ತು ಎಮ್ಮೆಯ ಭಯ್ಯಾನ ಕ್ಯಾನಿನಲ್ಲಿ ಒಂದು ಎಮ್ಮೆಯ ಹಾಲು ಇಪ್ಪತ್ತರಲ್ಲಿ ಒಂದು ಪಾಲು. ಪ್ರಶ್ನೆ ಹೆಚ್ಚು ಅನ್ವಯಿಸುವುದು ಇಂತಹ ನಮಗೆ.

ಭಯ್ಯಾನನ್ನು ಬೈಯುವುದು ಸುಲಭ. ಅವನ ಜಾಗದಲ್ಲಿ ನಿಂತು ನೋಡೋಣ. ಎಮ್ಮೆಗೆ ಬಾವು ಬಂದಿದೆ, ಡಾಕ್ಟರ್ ಫೀಸು, ಮದ್ದಿನ ಖರ್ಚು ಆಗಿದೆ. ಮೇಲಿಂದ ಏಳು ದಿನ ಹಾಲು ಚರಂಡಿಗೆ ಚೆಲ್ಲಬೇಕು. ದಿನಕ್ಕೆ ಎಂಟು ಲೀಟರಿನಂತೆ 56 ಲೀಟರ್, ಲೀಟರಿಗೆ 80 ರೂಪಾಯಿ ಹಿಡಿದರೂ 4,480 ರೂಪಾಯಿ. ಇತ್ತ ಸೇಠ್ ಆದ ನಾವು ಫೋನು ಮಾಡಿ, ಇವತ್ತು ಯಾಕೆ ಎಂಟು ಲೀಟರ್ ಕಡಿಮೆ ಬಂತು, ನಾಳೆಯಿಂದ ಬೇರೆಯವನಿಗೆ ಹೇಳಲೇ ಎಂದು ಗದರುತ್ತೇವೆ. ಅವನು ಏನು ಮಾಡುತ್ತಾನೆ? ಹಾಲು ಹಾಕುತ್ತಾನೆ. ಕೆಲವರು ಡಾಕ್ಟರನ್ನೇ ಕರೆಯದೆ ಮೆಡಿಕಲಿನಿಂದ ಸಿಕ್ಕಿದ್ದನ್ನು ತಂದು ಚುಚ್ಚುತ್ತಾರೆ. ಇನ್ನು ಕೆಲವರು ಹಾಲು ನಿಲ್ಲಿಸಬೇಕಾಗುತ್ತದೆಂದು ನೋವಿನ ಮದ್ದೇ ಕೊಡದೆ ಪ್ರಾಣಿಯನ್ನು ನರಳಲು ಬಿಡುತ್ತಾರೆ. ಈ ಮೂರರಲ್ಲಿ ಯಾವುದೂ ನಮಗೆ ಬೇಡ. ಮೂರಕ್ಕೂ ನಮ್ಮ ಖರೀದಿಯ ರೀತಿಯೇ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ಹಾಲು ಹಾಕುವವನು ಮದ್ದು ಬಿದ್ದ ಪ್ರಾಣಿಯ ಹಾಲನ್ನು ಬಾಟಲಿಯ ಮೇಲೆ ಬರೆದಷ್ಟು ದಿನ ಬೇರೆ ಇಟ್ಟರೆ, ಪಶುವೈದ್ಯರ ಚೀಟಿ ತೋರಿಸಿದರೆ, ಆ ನಷ್ಟದ ಅರ್ಧ ಪಾಲು ಹೋಟೆಲಿನವರು ಕೊಡುವುದು. ಮೇಲಿನ ಲೆಕ್ಕದಲ್ಲಿ ಅರ್ಧವೆಂದರೆ 2,240 ರೂಪಾಯಿ. ದಿನಕ್ಕೆ ನೂರು ಲೀಟರ್ ತೆಗೆದುಕೊಳ್ಳುವ ಹೋಟೆಲಿಗೆ ತಿಂಗಳಿಗೆ ಇಂತಹದ್ದೊಂದು ಬಂದರೂ ಲೀಟರಿಗೆ 75 ಪೈಸೆ ಕೂಡ ಆಗುವುದಿಲ್ಲ. ಆ ವಾರ ಕಡಿಮೆ ಬಿದ್ದ ಹಾಲಿಗೆ ಪ್ಯಾಕೆಟ್ ತರಿಸಿಕೊಳ್ಳಬಹುದು. ಹಾಲು ಕಡಿಮೆ ಬಂದಿತೆಂದು ಅವನನ್ನು ಬಿಡಿಸಬಾರದು, ಪಕ್ಕದ ಹೋಟೆಲಿನವರು ಆ ಸಮಯ ನೋಡಿ ಅವನ ರೇಟು ಮುರಿಯಬಾರದು. ಎರಡನೆಯದೇ ಕಷ್ಟ, ನನಗೆ ಗೊತ್ತು.

ಮಟನ್ ತೆಗೆದುಕೊಳ್ಳುವ ಸದಸ್ಯರಿಗೂ ಒಂದು ಮಾತು. ಲಾರಿಯಲ್ಲಿ ದೂರದಿಂದ ಬಂದ ಆಡು ಕುಂಟುತ್ತಿದ್ದರೆ ಅದನ್ನು ನಡೆಸಲು ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದು ಕೇಳಿ. ಕಲೇಜಿ, ಗುರ್ದಾ ಬೇರೆಯಾಗಿ ಅಗ್ಗಕ್ಕೆ ತರಿಸುವಾಗ ಎಲ್ಲಿಂದ ಎಂದು ತಿಳಿದು ತರಿಸಿ. ಬಿಲ್ಲಿನ ಹಿಂದೆ ಒಂದು ಸಾಲು ಬರೆಸಿಕೊಂಡರೂ ಸಾಕು, ಬರೆದು ಕೊಡಬೇಕಾದಾಗ ಮನುಷ್ಯ ಸ್ವಲ್ಪ ಯೋಚಿಸುತ್ತಾನೆ.

ಇದೆಲ್ಲ ಸರಕಾರದ ಕೆಲಸ, ನಮಗೇಕೆ ಖರ್ಚು ಎಂದು ನನ್ನ ಆತ್ಮೀಯರೊಬ್ಬರು ಆಗಲೇ ಹೇಳಿದ್ದಾರೆ. ತನಿಖೆಯವರು ಬಂದಾಗ ಮಾದರಿ ತೆಗೆಯುವುದು ನಮ್ಮ ಅಡುಗೆಮನೆಯಿಂದ, ನೋಟೀಸು ಬರುವುದು ನಮ್ಮ ಹೆಸರಿಗೆ. ಆ ಹೊತ್ತಿಗೆ ಎಮ್ಮೆ ಯಾವುದೆಂದು ಹುಡುಕಿಕೊಂಡು ಹೋಗಲು ಆಗುವುದಿಲ್ಲ.

ಈ ವಿಷಯವನ್ನು ಮುಂದಿನ ಮಾಸಿಕ ಸಭೆಯಲ್ಲಿ ಚರ್ಚೆಗೆ ಇಡಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ತಬೇಲಾದಿಂದ ಹಾಲು ತರಿಸುವ ಸದಸ್ಯರು ದಯವಿಟ್ಟು ಬರಬೇಕು. ಬರುವಾಗ ತಮ್ಮ ಹಾಲಿನವನ ಬಳಿ ಎಷ್ಟು ಎಮ್ಮೆಗಳಿವೆ, ವರ್ಷದಲ್ಲಿ ಎಷ್ಟಕ್ಕೆ ಕೆಚ್ಚಲು ಬಾವು ಬರುತ್ತದೆ, ಯಾವ ಮದ್ದು ಕೊಡುತ್ತಾರೆ ಎಂದು ಕೇಳಿ ಬರೆದುಕೊಂಡು ಬನ್ನಿ. ಸಾಧ್ಯವಾದರೆ ಖಾಲಿ ಬಾಟಲಿಯನ್ನೇ ತನ್ನಿ, ಅದರ ಮೇಲೆ ಎಷ್ಟು ದಿನ ಎಂದು ಬರೆದಿದೆ ಎಂದು ಎಲ್ಲರೂ ಕೂತು ಓದೋಣ.